ಕುತ್ಲೂರಿನಲ್ಲಿ ಬೆಂಬಲದ ಲೆಕ್ಕ

ಕಾರ್ಕಳದಿಂದ ಧರ್ಮಸ್ಥಳದ ಕಡೆಗೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸಿಕ್ಕರೆ, ಬಜಗೋಳಿ ದಾಟಿದ ಮೇಲೆ ಘಟ್ಟದ ಸಾಲು ಜೊತೆಯಲ್ಲೇ ಬರುತ್ತದೆ. ಹೊಸ್ಮಾರು, ಈದು, ನಾರಾವಿ. ಕಂಡಕ್ಟರ್ ಕೂಗುವಾಗ ಇವೆಲ್ಲ ಅಡಿಕೆ, ರಬ್ಬರಿನ ಊರುಗಳು, ಅಷ್ಟೇ. ಈದುವಿನ ಬೊಲ್ಲೊಟ್ಟಿನಲ್ಲಿ 2003ರ ನವೆಂಬರ್ 17ರಂದು ಹಾಜಿಮಾ, ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಈ ದಾರಿಯ ಊರುಗಳ ಹೆಸರಿನ ಹಿಂದೆ ‘ನಕ್ಸಲ್ ಬಾಧಿತ’ ಎಂಬ ಮಾತು ತಗುಲಿಕೊಂಡೇ ಇತ್ತು.

ನಾರಾವಿಯಲ್ಲಿ ಇಳಿದು ಘಟ್ಟದ ಕಡೆಗೆ ತಿರುಗಿದರೆ ಕುತ್ಲೂರು. ಬೆಳ್ತಂಗಡಿ ತಾಲ್ಲೂಕಿನ ಅಂಚು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಬುಡ. ಕ್ರಾಂತಿಕಾರಿ ಸಮಾಜವಾದಕ್ಕೆ ಬೆಂಬಲ ಹೆಚ್ಚುತ್ತಿದೆಯೋ ಕರಗುತ್ತಿದೆಯೋ ಎಂದು ಟಿವಿಯಲ್ಲಿ ಗಂಟಲು ಹರಿದುಕೊಳ್ಳುವವರು ಬಹಳ. ಬೆಂಬಲ ಅಂದರೆ ಏನು, ಅದನ್ನು ಯಾರು ಯಾವ ಸೇರಿನಲ್ಲಿ ಅಳೆದರು ಎಂದು ಅವರು ಕೇಳಿಕೊಳ್ಳುವುದಿಲ್ಲ. ಅದನ್ನು ನಡೆದು ನೋಡುವುದಕ್ಕೆ ಕರ್ನಾಟಕದಲ್ಲಿ ಕುತ್ಲೂರಿಗಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ. ನಕ್ಸಲ್ ನಾಯಕರ ಪೈಕಿ ಸಾಕೇತ್ ರಾಜನ್ ಸತ್ತ ಬಲಿಗೆ ಘಟ್ಟದ ಮೇಲಿದೆ, ವಿಕ್ರಂ ಗೌಡ ಸತ್ತ ಪೀತಬೈಲು ಹೆಬ್ರಿ ಕಡೆಗೆ. ಅಲ್ಲಿ ನೋಡುವುದಕ್ಕಿರುವುದು ಸಾವಿನ ಜಾಗ. ಇಲ್ಲಿ ಬದುಕಿರುವ ಊರು ಉಂಟು.

ನಾರಾವಿ ಪೇಟೆಯಿಂದ ರಿಕ್ಷಾ ಹಿಡಿದೆ. ಡಾಂಬರು ಇರುವಷ್ಟು ದೂರ ಡ್ರೈವರು ಮಾತಿನ ಮಲ್ಲ. ಮಣ್ಣಿನ ದಾರಿ ಬಂದ ಮೇಲೆ ಹ್ಯಾಂಡಲಿನ ಮೇಲೆಯೇ ಗಮನ. “ಮಳೆಗಾಲದಲ್ಲಿ ಇಲ್ಲಿಗೆ ನಾನು ಬರುವುದಿಲ್ಲ ಮಾರ್ರೆ, ಜೀಪೇ ಆಗಬೇಕು” ಎಂದ. ಆಮೇಲೆ ತಾನಾಗಿಯೇ ಸೇರಿಸಿದ: “ಈಗ ಬೆಂಗಳೂರಿನವರೆಲ್ಲ ಬರ್ತಾರೆ, ಫಾಲ್ಸ್ ನೋಡ್ಲಿಕ್ಕೆ.” ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅತ್ಯುತ್ತಮ ಪ್ರವಾಸಿ ಗ್ರಾಮ ಸ್ಪರ್ಧೆಯಲ್ಲಿ, ಸಾಹಸ ವಿಭಾಗದ ಪ್ರಶಸ್ತಿ ಕುತ್ಲೂರಿಗೆ ಬಂತು. ಅರ್ಬಿ ಜಲಪಾತ, ಚಾರಣದ ದಾರಿ, ಕಾಡು. ಒಂದು ಕಾಲದಲ್ಲಿ ಇದೇ ಕಾಡುದಾರಿಯಲ್ಲಿ ಅಪರಿಚಿತ ಮುಖ ಕಂಡರೆ ಎರಡು ಕಡೆಯವರೂ ಹೆಸರು ಕೇಳುತ್ತಿದ್ದರು. ಪ್ರಶಸ್ತಿ ಬಂದ ಎರಡು ತಿಂಗಳೊಳಗೆ ಪೀತಬೈಲಿನ ಎನ್‌ಕೌಂಟರ್ ನಡೆಯಿತು, ನಾಲ್ಕು ತಿಂಗಳೊಳಗೆ ಈ ಊರಿನ ಮಗಳು, ನಕ್ಸಲ್ ತಂಡದಲ್ಲಿದ್ದ ಸುಂದರಿ ಇನ್ನೂ ಐದು ಜನರ ಜೊತೆ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದಳು. ಅದು 2025ರ ಜನವರಿ 8. ಆ ಆರು ಜನರ ಪೈಕಿ ನಾಲ್ವರು ಹೆಂಗಸರು. ಫೆಬ್ರುವರಿ ಮೊದಲ ವಾರದೊಳಗೆ ಇನ್ನಿಬ್ಬರು ಬಂದರು. ರಾಜ್ಯ ‘ನಕ್ಸಲ್ ಮುಕ್ತ’ ಎಂದು ಸರ್ಕಾರ ಹೇಳಿತು.

ಇಲ್ಲಿನ ಬುಡಕಟ್ಟಿನವರಾದ ಮಲೆಕುಡಿಯರ ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ. ಒಂದು ಮನೆಯ ನಾಯಿ ಬೊಗಳಿದ್ದು ಇನ್ನೊಂದು ಮನೆಗೆ ಕೇಳಿದರೆ ಹತ್ತಿರದ ನೆರೆ ಎಂದು ಲೆಕ್ಕ. ನಡುವೆ ತೋಡು, ತೋಡಿಗೆ ಅಡಿಕೆ ಮರದ ಕಾಲುಸಂಕ. ನಾನು ದಾಟಿದ ಸಂಕಕ್ಕೆ ಮೂರು ಮರ, ಹಿಡಿದುಕೊಳ್ಳಲಿಕ್ಕೆ ಒಂದು ಬಿಳಲು. ನಡುವಿನ ಮರ ಪಾಚಿ ಹಿಡಿದಿತ್ತು. ನನ್ನ ಮುಂದೆ ಹೋಗುತ್ತಿದ್ದ ಹೆಂಗಸಿನ ತಲೆಯ ಮೇಲೆ ಹುಲ್ಲಿನ ಹೊರೆ. ಅವರು ತಿರುಗಿ ನೋಡಲೂ ಇಲ್ಲ, ಕೈ ಬಿಳಲಿಗೆ ತಾಗಿಸಲೂ ಇಲ್ಲ. ದಾಟಿದ ಮೇಲೆ ತುಳುವಿನಲ್ಲಿ, “ಬೂಟು ಕೈಯಲ್ಲಿ ಹಿಡಿದು ಬನ್ನಿ ಅಣ್ಣ” ಎಂದರು.

ಅವರ ಮನೆಯ ಅಂಗಳದಲ್ಲಿ ಅಡಿಕೆ ಹರವಿತ್ತು. ಜಗಲಿಯಲ್ಲಿ ಕೂತ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಪತ್ರಿಕೆಯವರು ಎಂದ ಕೂಡಲೇ ಅವರ ಮುಖದಲ್ಲಿ ಹಳೆಯ ಎಚ್ಚರಿಕೆಯೊಂದು ಹಾದುಹೋಯಿತು. ಹೆಸರು ಬರೆಯುವುದಿಲ್ಲ ಎಂದ ಮೇಲೆ ಸಡಿಲಾಗಿ ನಕ್ಸಲರ ಮಾತು ತೆಗೆದರು.

“ಅವರು ಬರ್ತಿದ್ದದ್ದು ರಾತ್ರಿ. ಚಿಮಿಣಿ ದೀಪ ಆರಿಸಿ ಮಲಗುವ ಹೊತ್ತು. ಅಕ್ಕಿ ಉಂಟಾ ಅಂತ ಕೇಳ್ತಿದ್ದರು. ಬಂದವರಿಗೆ ಊಟ ಇಲ್ಲ ಅಂತ ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಕೈಯಲ್ಲಿ ಕೋವಿ ಇದ್ದವರಿಗೆ ಹೇಳಲಿಕ್ಕೂ ಆಗ್ಲಿಕ್ಕಿಲ್ಲ, ಅದು ಬೇರೆ. ಗಂಜಿ ಕೊಟ್ಟೆವು. ಅವರು ಅದನ್ನು ಬೆಂಬಲ ಅಂತ ಬರೆದುಕೊಂಡರು. ಪೊಲೀಸರು ಬಂದು ಅವರೂ ಹಾಗೆಯೇ ಬರೆದುಕೊಂಡರು.”

ಈ ಮಾತಿನ ಮುಂದೆ ನನ್ನ ಪ್ರಶ್ನಾವಳಿ ಸಪ್ಪೆಯಾಯಿತು. ಒಂದೇ ಬಟ್ಟಲು ಗಂಜಿ, ಎರಡು ಕಡೆಯ ಪುಸ್ತಕದಲ್ಲೂ ಜಮೆ. ಚಳವಳಿಗೆ ತನ್ನ ಬಲ ತೋರಿಸಬೇಕಿತ್ತು, ಪೊಲೀಸ್ ಪಡೆಗೆ ತನ್ನ ಅಗತ್ಯ ತೋರಿಸಬೇಕಿತ್ತು. ಎರಡಕ್ಕೂ ಬೇಕಾದ ಅಂಕಿಯನ್ನು ಒದಗಿಸಿದ್ದು ಅಜ್ಜನ ಅಡುಗೆಮನೆ.

ಹಾಗಂತ ಎಲ್ಲವೂ ಹೆದರಿಕೆಯ ಗಂಜಿ ಎಂದರೂ ಸುಳ್ಳಾಗುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಬಂತು, 2001ರಲ್ಲಿ ಅಂತಿಮವಾಯಿತು. 600 ಚದರ ಕಿಲೋಮೀಟರು. ತಲೆಮಾರಿನಿಂದ ಇಲ್ಲೇ ಇದ್ದ ಮಲೆಕುಡಿಯರು ಒಂದು ಕಾಗದದ ಮೂಲಕ ಒತ್ತುವರಿದಾರರಾದರು. ಅದೇ ಕಾಲಕ್ಕೆ ಅದೇ ಗುಡ್ಡಗಳಲ್ಲಿ ಅದಿರು ಗಣಿಗಾರಿಕೆ ಸಾಗಿತ್ತು. ಸುಪ್ರೀಂ ಕೋರ್ಟಿನ ಆದೇಶದಿಂದ ಅದು ನಿಂತದ್ದು 2005ರ ಕೊನೆಯಲ್ಲಿ. ಜೇನು ಕೀಳುವವನು ಕಾಡಿಗೆ ಅಪಾಯ, ಗುಡ್ಡ ಬಗೆಯುವ ಯಂತ್ರ ಅಲ್ಲ ಎಂಬ ಈ ವ್ಯವಸ್ಥೆ ಯಾವ ಹುಡುಗನಿಗಾದರೂ ಸಿಟ್ಟು ತರಿಸಬೇಕು. ಒಕ್ಕಲೆಬ್ಬಿಸುವುದರ ವಿರುದ್ಧ ಪೇಟೆಗಳಲ್ಲಿ ಬಹಿರಂಗವಾಗಿ ಹೋರಾಡಿದವರು ಬಹಳ ಮಂದಿ. ಅವರ ಪೈಕಿ ಕೋವಿ ಹಿಡಿದು ಕಾಡಿಗೆ ಹೋದವರು ಬೆರಳೆಣಿಕೆ. ಮೊದಲಿನವರ ಗಾತ್ರವನ್ನು ಎರಡನೆಯವರ ಖಾತೆಗೆ ಹಾಕಿದ್ದು ಇಡೀ ಕಥೆಯ ದೊಡ್ಡ ತಪ್ಪು ಲೆಕ್ಕ ಎಂದು ನನಗೆ ಅನ್ನಿಸುತ್ತದೆ.

ಆ ತಪ್ಪು ಲೆಕ್ಕ ಈ ಊರಿನ ಒಂದು ಮನೆಯ ಮೇಲೆ ಹೇಗೆ ಬಿತ್ತು ಎಂಬುದು ನ್ಯಾಯಾಲಯದ ದಾಖಲೆಯಲ್ಲಿದೆ. 2012ರ ಮಾರ್ಚಿನಲ್ಲಿ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು ಬಂಧಿಸಿದರು. ವಿಠಲ ಆಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿ. ದೇಶದ್ರೋಹ, ಯುಎಪಿಎ. ಸಾಕ್ಷ್ಯವೆಂದು ತೋರಿಸಿದ ವಸ್ತುಗಳ ಪೈಕಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಕರ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಕಾಗದ. ಕೈಕೋಳದಲ್ಲೇ ಪರೀಕ್ಷೆ ಬರೆದ ಹುಡುಗನ ಚಿತ್ರ ಆಗ ಪತ್ರಿಕೆಗಳಲ್ಲಿ ಬಂದಿತ್ತು. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಒಂಬತ್ತು ವರ್ಷ ಆಗಿತ್ತು. ರಸ್ತೆ ಕೇಳುವ ಕಾಗದವನ್ನು ಕ್ರಾಂತಿಯ ಕಾಗದ ಎಂದು ಓದುವ ಸರ್ಕಾರ ಇದ್ದರೆ, ನಕ್ಸಲರು ಬೇರೆ ಪ್ರಚಾರ ಮಾಡಬೇಕಾಗಿಯೇ ಇಲ್ಲ.

ಅಷ್ಟಾದರೂ ಚಳವಳಿ ಬೆಳೆಯಲಿಲ್ಲ ಎಂಬುದೇ ಯೋಚಿಸಬೇಕಾದ ಸಂಗತಿ. ಸೀತಾನದಿಯಲ್ಲಿ 2008ರಲ್ಲಿ ನಕ್ಸಲರು ಮಾಹಿತಿದಾರರೆಂದು ಒಬ್ಬ ಶಿಕ್ಷಕರನ್ನು, ಅವರ ಜೊತೆಗಿದ್ದವರನ್ನು ಕೊಂದರು. ಅಜ್ಜ ಆ ವಿಷಯ ಬಂದಾಗ ಎಲೆಯಡಿಕೆ ಉಗಿದು ಬಂದರು. “ಮಾಸ್ಟ್ರನ್ನು ಕೊಂದ ಮೇಲೆ ಇಲ್ಲಿ ಯಾರೂ ಅವರ ಮಾತಿಗೆ ಹೂಂಗುಟ್ಟಲಿಲ್ಲ.” ಕರಾವಳಿಯ ಹಳ್ಳಿಯಲ್ಲಿ ಮೇಷ್ಟರಿಗೆ ಇರುವ ಸ್ಥಾನ ಗೊತ್ತಿಲ್ಲದವರಷ್ಟೇ ಅಂಥ ಕೆಲಸ ಮಾಡಬಲ್ಲರು. ಇನ್ನೊಂದು ಕಾರಣ ಇನ್ನೂ ಸರಳ. ಮಕ್ಕಳು ಕಾಡಿನಿಂದ ಹೊರಗೆ ಹೋದರು. ಹಾಸ್ಟೆಲು, ಐಟಿಐ, ಮಂಗಳೂರಿನ ಅಂಗಡಿ ಕೆಲಸ, ಬೆಂಗಳೂರಿನ ಡೆಲಿವರಿ ಬೈಕು. ಹಿಂದೆ ಬೆಟ್ಟ ಹತ್ತುತ್ತಿದ್ದ ಸಿಟ್ಟು ಈಗ ಬಸ್ಸು ಹತ್ತುತ್ತದೆ.

ಅಜ್ಜನ ಮೊಮ್ಮಗ ಅಂಥವನೇ ಒಬ್ಬ. ವಾರಾಂತ್ಯಕ್ಕೆ ಬಂದು ಚಾರಣಿಗರಿಗೆ ದಾರಿ ತೋರಿಸುತ್ತಾನೆ. ಅವನ ಜೊತೆ ತೋಡಿನ ಮೇಲ್ದಂಡೆಯವರೆಗೆ ಹೋದೆ. ತೋಡಿನ ನೀರಿನಲ್ಲೇ ಕರೆಂಟು ಮಾಡುವ ಪುಟ್ಟ ಯಂತ್ರವೊಂದು ತಗಡಿನ ಮಾಡಿನ ಕೆಳಗೆ ಗುಂಯ್‌ಗುಡುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಬಲ್ಬು ಕೆಂಪಾಗುತ್ತದಂತೆ. ನಕ್ಸಲರ ಬಗ್ಗೆ ಏನು ಅನ್ನಿಸುತ್ತದೆ ಎಂದೆ. “ನನಗೆ ಗೊತ್ತಾಗುವಾಗ ಅವರು ಹೋಗಿಯಾಗಿತ್ತು. ಟೂರಿಸ್ಟುಗಳೇ ಮೊದಲು ಕೇಳುವುದು, ಇಲ್ಲಿ ನಕ್ಸಲರು ಇದ್ದರಂತೆ ಹೌದಾ ಅಂತ. ಹೌದು ಅಂದ್ರೆ ಖುಷಿ ಅವರಿಗೆ.” ಅವನ ಕೂಗು ಬೇರೆ: ಚಾರಣದ ಪರವಾನಗಿ ಅರಣ್ಯ ಇಲಾಖೆ ಕೊಡುವುದು, ಶುಲ್ಕ ಅಲ್ಲಿಗೆ ಹೋಗುವುದು, ಊರಿನವರಿಗೆ ಬರುವುದು ದಿನದ ಕೂಲಿ. ಕಾಡಿನ ಆದಾಯದಲ್ಲಿ ಊರಿಗೆ ಪಾಲು ಬೇಕು ಎಂದು ಅವನು ಹೇಳಿದ್ದನ್ನು ಅವನಜ್ಜನ ಕಾಲದಲ್ಲಿ ಹೇಳಿದ್ದರೆ ಯಾರೋ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು.

ನಾರಾವಿಗೆ ಮರಳಿ ಚಹಾ ಕುಡಿಯುವಾಗ ನನಗೆ ಸಮುದ್ರದ ಆಚೆಯ ನೆನಪಾಯಿತು. ಶ್ರೀಲಂಕಾದ ಜನತಾ ವಿಮುಕ್ತಿ ಪೆರಮುಣ 1971ರಲ್ಲಿ, ಮತ್ತೆ 1987ರಿಂದ 89ರವರೆಗೆ ಶಸ್ತ್ರ ಹಿಡಿದು ಎದ್ದ ಪಕ್ಷ. ಎರಡು ಸಲವೂ ಸಾವಿರಾರು ಹುಡುಗರು ಸತ್ತರು. ಅದರ ನಾಯಕ ಅನುರ ಕುಮಾರ ದಿಸ್ಸಾನಾಯಕೆ 2019ರ ಅಧ್ಯಕ್ಷೀಯ ಚುನಾವಣೆಯಲ್ಲಿ ಪಡೆದದ್ದು ಶೇ 3ರಷ್ಟು ಮತ; 2024ರ ಸೆಪ್ಟೆಂಬರಿನಲ್ಲಿ ಮೊದಲ ಸುತ್ತಿನ ಎಣಿಕೆಯಲ್ಲೇ ಶೇ 42. ನವೆಂಬರಿನಲ್ಲಿ ಅವರ ಒಕ್ಕೂಟಕ್ಕೆ ಸಂಸತ್ತಿನ 225ರಲ್ಲಿ 159 ಸ್ಥಾನ. ಕ್ರಾಂತಿಕಾರಿ ಎಡಕ್ಕೆ ಬೆಂಬಲ ಏರಿತೇ ಎಂದರೆ ಅಂಕಿ ಹೌದು ಎನ್ನುತ್ತದೆ. ಆದರೆ ಜನ ಮತ ಹಾಕಿದ್ದು 2022ರಲ್ಲಿ ದೇಶ ದಿವಾಳಿಯಾದಾಗ ಆಳಿದವರ ಮೇಲಿನ ಸಿಟ್ಟಿಗೆ. ಗೆದ್ದವರು ಐಎಂಎಫ್ ಒಪ್ಪಂದವನ್ನು ಮುರಿಯದೆ ಮುಂದುವರಿಸಿದರು. ಹೆಸರು ಉಳಿದು ಕ್ರಾಂತಿ ಕಳಚಿದಾಗ ಅಲ್ಲಿ ಬೆಂಬಲ ಉಕ್ಕಿತು. ನಮ್ಮಲ್ಲಿ ಕೋವಿ ಬಿಡದ ಮಾವೋವಾದಿ ಪಕ್ಷ 2025ರ ಮೇ 21ರಂದು ಅಬೂಜ್‌ಮಾಡದಲ್ಲಿ ತನ್ನ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಅವರನ್ನು ಕಳೆದುಕೊಂಡಿತು. ಅಕ್ಟೋಬರಿನಲ್ಲಿ ಅದೇ ಪಕ್ಷದ ನಾಯಕ ಮಲ್ಲೋಜುಲ ವೇಣುಗೋಪಾಲ ರಾವ್ ಗಢಚಿರೋಲಿಯಲ್ಲಿ 60 ಮಂದಿಯೊಡನೆ ಶರಣಾದರು.

ಸರ್ಕಾರದ ಅಂದಾಜು ಏನು ಎಂಬುದಕ್ಕೆ ಹೇಳಿಕೆಗಿಂತ ಸಿಬ್ಬಂದಿಯ ಪಟ್ಟಿ ನೋಡುವುದು ಒಳ್ಳೆಯದು. ಕಾರ್ಕಳದಲ್ಲಿ ಕೇಂದ್ರ ಕಚೇರಿ ಇರುವ ನಕ್ಸಲ್ ನಿಗ್ರಹ ಪಡೆಯ 656 ಹುದ್ದೆಗಳ ಪೈಕಿ 248ನ್ನು ತೆಗೆದು, 2025ರ ಜೂನ್‌ನಲ್ಲಿ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಕಟ್ಟಿದರು. ಕಾಡಿನ ಕಡೆ ತಿರುಗಿದ್ದ ಬಂದೂಕು ಈಗ ಪೇಟೆಯ ಕಡೆ ನೋಡುತ್ತಿದೆ. ಕರಾವಳಿಯ ಹುಡುಗರ ಬಿಸಿರಕ್ತ ಯಾವ ಬಣ್ಣದ ಬಾವುಟದ ಕೆಳಗೆ ಸೇರುತ್ತಿದೆ ಎಂದು ಇದಕ್ಕಿಂತ ನೇರವಾಗಿ ಯಾರೂ ಹೇಳಲಾರರು.

ಹೊರಡುವ ಮುಂಚೆ ಅಜ್ಜ ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದಿದ್ದರು. ಒಳಗೆ ಅರಣ್ಯ ಹಕ್ಕು ಅರ್ಜಿಯ ಪ್ರತಿ. 2006ರ ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಉಳುಮೆ ಮಾಡುತ್ತಿದ್ದ ಬುಡಕಟ್ಟಿನ ಕುಟುಂಬಕ್ಕೆ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು ಸಿಗಬೇಕು. ಗ್ರಾಮಸಭೆಯ ಠರಾವು ಇತ್ತು, ಅಳತೆಯ ನಕ್ಷೆ ಇತ್ತು, ನಕ್ಷೆಯಲ್ಲಿ ತೋಡಿನ ಆಚೆಯ ಅಡಿಕೆ ತೋಟ ಇರಲಿಲ್ಲ. ಅಳೆಯಲು ಬಂದವರು ಸಂಕ ದಾಟಲಿಲ್ಲವಂತೆ. ಮತ್ತೆ ಅರ್ಜಿ ಹಾಕಬೇಕೋ, ಇದ್ದಷ್ಟಕ್ಕೆ ಸಹಿ ಹಾಕಬೇಕೋ ಎಂದು ಅಜ್ಜ, ಮೊಮ್ಮಗ, ಹುಲ್ಲು ಹೊತ್ತು ಬಂದ ಆ ತಾಯಿ ನನ್ನೆದುರೇ ವಾದಕ್ಕಿಳಿದರು. ಸಿಕ್ಕಿದ್ದನ್ನು ಬಿಡಬೇಡಿ ಎಂಬುದು ಮೊಮ್ಮಗನ ವಾದ. ತೋಟ ನೆಟ್ಟದ್ದು ನನ್ನ ಮಾವ, ಅದು ಕಾಗದದಲ್ಲಿ ಇಲ್ಲದಿದ್ದರೆ ಸಹಿ ಇಲ್ಲ ಎಂಬುದು ತಾಯಿಯದು. ಕೊನೆಗೆ ಸೋಮವಾರ ಬೆಳ್ತಂಗಡಿಗೆ ಹೋಗಿ ಕೇಳುವುದೆಂದಾಯಿತು. ಹೋಗುವವರು ಯಾರು ಎಂದು ಮತ್ತೆ ಚರ್ಚೆ. ಮೊಮ್ಮಗನಿಗೆ ಅಂದು ಬೆಂಗಳೂರಿನ ತಂಡವೊಂದನ್ನು ಜಲಪಾತಕ್ಕೆ ಕರೆದೊಯ್ಯುವುದಿತ್ತು.