ಹಳೆಯ ಪಿಕಪ್‌ಗೆ ಡೀಸೆಲ್ ಬಲ: ಇಂಧನಕ್ಕಿಂತ ಗಾಳಿ ಮುಖ್ಯ

ಅಮೆರಿಕದಲ್ಲಿ ಹಳೆಯ ಪಿಕಪ್ ವಾಹನಗಳಿಗೆ ಡೀಸೆಲ್ ಎಂಜಿನ್ ಜೋಡಿಸುವ ಹವ್ಯಾಸಿಗಳ ಅಚ್ಚುಮೆಚ್ಚಿನ ಆಯ್ಕೆ ಕಮ್ಮಿನ್ಸ್ ಸಂಸ್ಥೆಯ 5.9 ಲೀಟರ್, ಆರು ಸಿಲಿಂಡರ್‌ಗಳ ಎಂಜಿನ್. 1989ರ ಡಾಜ್ ಪಿಕಪ್‌ನಲ್ಲಿ ಇದರ ಸಾಮರ್ಥ್ಯ ಕೇವಲ 160 ಅಶ್ವಶಕ್ತಿಯಾಗಿತ್ತು. 1994ರಿಂದ 1998ರವರೆಗಿನ ಮಾದರಿಗಳಲ್ಲಿ ಬಾಷ್ ಸಂಸ್ಥೆಯ ಯಾಂತ್ರಿಕ ಇಂಧನ ಪಂಪ್ ಇರುವುದರಿಂದ ಎಂಜಿನ್ ನಡೆಸಲು ಕಂಪ್ಯೂಟರ್ ಬೇಕಿಲ್ಲ. ಹಳೆಯ ವಾಹನಕ್ಕೆ ಇದು ದೊಡ್ಡ ಅನುಕೂಲ.

ಪಂಪ್‌ನ ಹೊಂದಾಣಿಕೆ ಬದಲಿಸಿ ಇಂಧನ ಹೆಚ್ಚಿಸುವುದು ಸುಲಭ. ಆದರೆ ಅದಕ್ಕೆ ತಕ್ಕ ಗಾಳಿ ದೊರೆಯದಿದ್ದರೆ ಕಪ್ಪು ಹೊಗೆಯೊಂದಿಗೆ ಶಾಖವೂ ಏರುತ್ತದೆ. ಹೊರಬರುವ ಹೊಗೆಯ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ದಾಟಿ ಬಹುಹೊತ್ತು ನಿಂತರೆ ಅಲ್ಯೂಮಿನಿಯಂ ಪಿಸ್ಟನ್‌ಗಳು ಕರಗುವ ಅಪಾಯವಿದೆ. ಆದ್ದರಿಂದ ದೊಡ್ಡ ಟರ್ಬೊ, ಇಂಟರ್‌ಕೂಲರ್ ಮತ್ತು ಉಷ್ಣತಾಮಾಪಕ ಮೊದಲು, ಇಂಧನ ಆಮೇಲೆ. ಹೆಚ್ಚಿದ ಒತ್ತಡಕ್ಕೆ ಸಿಲಿಂಡರ್ ಹೆಡ್ ಮೇಲೇಳದಂತೆ ಬೋಲ್ಟ್‌ಗಳ ಬದಲು ಗಟ್ಟಿ ಸ್ಟಡ್‌ಗಳನ್ನು ಬಳಸಲಾಗುತ್ತದೆ.

ಈ ಎಂಜಿನ್‌ನ ಹಳೆಯ ದೌರ್ಬಲ್ಯವೊಂದಿದೆ. ಟೈಮಿಂಗ್ ಗೇರ್ ಕವಚದಲ್ಲಿರುವ ಪುಟ್ಟ ಉಕ್ಕಿನ ಪಿನ್ ಸಡಿಲಗೊಂಡು ಗೇರ್‌ಗಳ ನಡುವೆ ಬಿದ್ದರೆ ಇಡೀ ಎಂಜಿನ್ ಹಾಳಾಗಬಹುದು. ಎಂಜಿನ್ ಬಿಚ್ಚಿದಾಗಲೇ ಆ ಪಿನ್ ಜಾರದಂತೆ ಲೋಹದ ಪಟ್ಟಿ ಅಳವಡಿಸುವುದು ಜಾಣತನ.

ಸುಮಾರು 500 ಕಿಲೋ ಭಾರ ಹೊರಲು ಮುಂಭಾಗದ ಸ್ಪ್ರಿಂಗ್‌ಗಳನ್ನೂ ಬಲ ತಾಳಲು ಕ್ಲಚ್ಚನ್ನೂ ಬದಲಿಸಬೇಕು. ಬ್ರೇಕ್ ಮರೆಯುವಂತಿಲ್ಲ. ಓಡುವ ಶಕ್ತಿ ಹೆಚ್ಚಿದಷ್ಟೂ ನಿಲ್ಲುವ ಶಕ್ತಿಯೂ ಹೆಚ್ಚಬೇಕಲ್ಲವೇ?