ಕಾಶಿಯ ಆಸ್ಪತ್ರೆ, ಮಿರ್ಜಾಪುರದ ಹಳ್ಳಿ

ಕನ್ನಡಿಗರಿಗೆ ಕಾಶಿ ಎಂದರೆ ವಿಶ್ವನಾಥ, ಮಣಿಕರ್ಣಿಕಾ ಘಾಟು, ಜಂಗಮವಾಡಿ ಮಠ. ಮಿರ್ಜಾಪುರ, ಸೋನಭದ್ರ, ಗಾಜಿಪುರ, ಬಲಿಯಾ, ಗಡಿಯಾಚೆಯ ಬಿಹಾರದ ಕೈಮೂರು, ಈ ಸೀಮೆಯ ಕೂಲಿಕಾರರಿಗೆ ಅದು ಆಸ್ಪತ್ರೆಗಳ ಊರು ಕೂಡ. ತಮ್ಮೂರಲ್ಲಿ ಗುಣವಾಗದ ಕಾಯಿಲೆಯವರನ್ನು ಕರೆದುಕೊಂಡು ಬಸ್ಸು, ಪ್ಯಾಸೆಂಜರ್ ರೈಲು ಹಿಡಿದು ಅವರು ಬರುವುದು ಇಲ್ಲಿಗೇ. ಜಿ.ಎಸ್. ಮೆಮೋರಿಯಲ್ ಪ್ಲಾಸ್ಟಿಕ್ ಸರ್ಜರಿ ಆಸ್ಪತ್ರೆ ಎಂಬ ಹೆಸರು ಕೇಳಿದರೆ ಉಳ್ಳವರು ಮೂಗು ತಿದ್ದಿಸಿಕೊಳ್ಳುವ ಜಾಗ ಎನ್ನಿಸಬಹುದು. ಆದರೆ ಡಾ. ಸುಬೋಧ್ ಕುಮಾರ್ ಸಿಂಗ್ ನಡೆಸುವ ಈ ಖಾಸಗಿ ಆಸ್ಪತ್ರೆ, ಅಮೆರಿಕ ಮೂಲದ ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದ ಬಡವರ ಮಕ್ಕಳ ಸೀಳುತುಟಿ ಮತ್ತು ಸೀಳು ಅಂಗುಳವನ್ನು ಉಚಿತವಾಗಿ ಸರಿಪಡಿಸುತ್ತ ಬಂದಿದೆ. ಮಿರ್ಜಾಪುರ ಜಿಲ್ಲೆಯ ಹಳ್ಳಿಯೊಂದರ ಪುಟ್ಟ ಹುಡುಗಿ ಪಿಂಕಿ ಇಲ್ಲಿಗೆ ಬಂದು ತುಟಿ ಹೊಲಿಸಿಕೊಂಡ ಕಥೆಯನ್ನು ನಿರ್ದೇಶಕಿ ಮೇಗನ್ ಮೈಲನ್ ಹಿಂದಿ, ಭೋಜಪುರಿ ಮಾತುಗಳಲ್ಲೇ ಚಿತ್ರಿಸಿದರು. ‘ಸ್ಲಮ್‌ಡಾಗ್ ಮಿಲಿಯನೇರ್’ ಎಂಟು ಆಸ್ಕರ್ ಬಾಚಿಕೊಂಡ 2009ರ ಫೆಬ್ರುವರಿಯ ಸಮಾರಂಭದಲ್ಲೇ ಆ 39 ನಿಮಿಷಗಳ ‘ಸ್ಮೈಲ್ ಪಿಂಕಿ’ಗೂ ಕಿರು ಸಾಕ್ಷ್ಯಚಿತ್ರದ ಪ್ರಶಸ್ತಿ ಬಂತು. ಪ್ರಶಸ್ತಿಯ ಸಂಭ್ರಮದಲ್ಲಿ ಜಗತ್ತು ಅವಳ ನಗುವನ್ನು ನೆನಪಿಟ್ಟುಕೊಂಡಿತು. ನನ್ನ ಮಟ್ಟಿಗೆ ಆ ಚಿತ್ರದ ಜೀವ ಇರುವುದು ಆಪರೇಷನ್ನಿಗೂ ಮುಂಚಿನ ಓಡಾಟದಲ್ಲಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಹಳ್ಳಿ ಹಳ್ಳಿ ಸುತ್ತಿ, ಸಿಕ್ಕಸಿಕ್ಕವರನ್ನು ವಿಚಾರಿಸಿ, ಅಂಥ ಮಕ್ಕಳಿರುವ ಮನೆಗಳನ್ನು ಪತ್ತೆ ಮಾಡುತ್ತಾರೆ. ಬಡ ಕುಟುಂಬದ ಬದುಕು ತಿರುಗುವುದು ಅಲ್ಲಿಂದ.

ಯಾಕೆ ಎಂದು ತಿಳಿಯಬೇಕಾದರೆ ಸೀಳುತುಟಿ ಒಂದು ಮನೆಯೊಳಗೆ ಏನು ಮಾಡುತ್ತದೆ ಎಂದು ನೋಡಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿ ಮುಖದ ಎರಡು ಬದಿಯ ಭಾಗಗಳು ಬೆಳೆದು ನಡುವೆ ಕೂಡಿಕೊಳ್ಳಬೇಕು. ಕೂಡದೆ ಉಳಿದರೆ ತುಟಿಯಲ್ಲೋ ಅಂಗುಳದಲ್ಲೋ ಇಲ್ಲವೇ ಎರಡರಲ್ಲೂ ಬಿರುಕು ಉಳಿಯುತ್ತದೆ. ಸುಮಾರು 700 ಹೆರಿಗೆಗಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ. ಭಾರತದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ವಂಶವಾಹಿ, ಪೋಷಕಾಂಶದ ಕೊರತೆ, ತಂಬಾಕಿನ ಹೊಗೆ, ಗರ್ಭಿಣಿ ಸೇವಿಸಿದ ಕೆಲವು ಔಷಧಿ ಇವೆಲ್ಲ ಸೇರಿ ಆಗುವುದೇ ಹೆಚ್ಚು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ನಮ್ಮಲ್ಲಿರುವಂತೆಯೇ ಗಂಗೆಯ ಬಯಲಿನಲ್ಲೂ ಗ್ರಹಣದ ಹೊತ್ತಿನಲ್ಲಿ ಬಸುರಿ ಚಾಕು ಹಿಡಿದಳು, ಹೊರಗೆ ಬಂದಳು ಎಂಬ ಮಾತು ತಾಯಿಯ ತಲೆಗೇ ಬಂದು ಕೂರುತ್ತದೆ. ಅಂಗುಳ ಸೀಳಿದ ಮಗುವಿಗೆ ಬಾಯೊಳಗೆ ಒತ್ತಡ ಕಟ್ಟಿ ಎದೆಹಾಲು ಚೀಪಲು ಆಗುವುದಿಲ್ಲ. ಕುಡಿದದ್ದು ಮೂಗಿನಿಂದ ಬರುತ್ತದೆ. ಹಾಲು ಹಿಂಡಿ, ಮಗುವನ್ನು ನೆಟ್ಟಗೆ ಹಿಡಿದು, ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸಬೇಕು ಎಂದು ಯಾರಾದರೂ ಹೇಳಿಕೊಟ್ಟರೆ ಮಗು ಉಳಿದು ಬೆಳೆಯುತ್ತದೆ. ಹೇಳಿಕೊಡುವವರು ಇಲ್ಲದಿದ್ದರೆ ಸೊರಗುತ್ತದೆ. ಕಿವಿಯ ಒಳಭಾಗಕ್ಕೆ ಗಾಳಿಯಾಡಿಸುವ ಸ್ನಾಯುಗಳು ಅಂಗುಳದಲ್ಲೇ ಇರುವುದರಿಂದ ಪದೇ ಪದೇ ಕಿವಿ ಸೋರುತ್ತದೆ, ಕೇಳಿಸುವುದು ಮಂದವಾಗುತ್ತದೆ. ಪ, ಬ, ತ, ಕ ಹೇಳಲು ಬಾಯಲ್ಲಿ ತಡೆದು ಬಿಡಬೇಕಾದ ಗಾಳಿ ಮೂಗಿಗೆ ನುಸುಳಿ, ಮಾತು ಬೇರೆಯವರಿಗೆ ಅರ್ಥವಾಗದಂತಾಗುತ್ತದೆ. ಶಾಲೆಯಲ್ಲಿ ಮಕ್ಕಳು ಅಣಕಿಸುತ್ತಾರೆ, ಮಗು ಮನೆಯಲ್ಲಿ ಉಳಿಯುತ್ತದೆ. ಹೆಣ್ಣುಮಗುವಾದರೆ ಮದುವೆಯ ಚಿಂತೆ ತೊಟ್ಟಿಲಿನಲ್ಲೇ ಶುರು.

ಇದಕ್ಕೆ ಮದ್ದು ದಶಕಗಳಿಂದ ಗೊತ್ತಿದೆ. ಶಸ್ತ್ರವೈದ್ಯ ರಾಲ್ಫ್ ಮಿಲರ್ಡ್ 1950ರ ದಶಕದಲ್ಲಿ ರೂಪಿಸಿದ ತುಟಿ ಜೋಡಣೆಯ ವಿಧಾನವನ್ನು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇಂದಿಗೂ ಜಗತ್ತಿನೆಲ್ಲೆಡೆ ಅನುಸರಿಸುತ್ತಾರೆ. ನುರಿತ ಕೈಗಳಿಗೆ ತುಟಿಯ ಕೆಲಸ ಒಂದು ತಾಸಿನ ಆಸುಪಾಸಿನದು. ಹಾಗಿದ್ದೂ ಪಿಂಕಿಯಂಥವರು ಐದು ವರ್ಷ ಕಾದದ್ದೇಕೆ? ಚಿಕಿತ್ಸೆಗೆ ದುಡ್ಡಿಲ್ಲ ಎಂಬುದು ಒಂದು ಉತ್ತರ ಮಾತ್ರ. ಇದು ಸರಿಹೋಗುವಂಥದ್ದು ಎಂಬ ಸುದ್ದಿಯೇ ಎಷ್ಟೋ ಮನೆಗಳಿಗೆ ತಲುಪಿರುವುದಿಲ್ಲ. ತಲುಪಿದರೂ ಆಸ್ಪತ್ರೆಗೆ ಹೋಗುವುದೆಂದರೆ ಗಂಡ ಹೆಂಡತಿ ಇಬ್ಬರ ಕೂಲಿಯೂ ತಪ್ಪುತ್ತದೆ, ಬಸ್ ಚಾರ್ಜು ಬೇಕು, ಉಳಿದ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು, ಗೊತ್ತಿಲ್ಲದ ನಗರದಲ್ಲಿ ಊಟ ವಸತಿ ಆಗಬೇಕು. ಉಚಿತ ಎಂದು ಬೋರ್ಡು ಹಾಕಿದೊಡನೆ ಈ ಖರ್ಚು ಯಾವುದೂ ಇಳಿಯುವುದಿಲ್ಲ. ಅಷ್ಟೊಂದು ದೊಡ್ಡ ಕೆಲಸವನ್ನು ಪುಕ್ಕಟೆ ಯಾಕೆ ಮಾಡಿಕೊಡುತ್ತಾರೆ ಎಂಬ ಅನುಮಾನ ಬೇರೆ. ಅದನ್ನು ಹೋಗಲಾಡಿಸಬಲ್ಲವರು ಪಕ್ಕದ ಹಳ್ಳಿಯಲ್ಲಿ ಆಗಲೇ ಆಪರೇಷನ್ ಆದ ಮಗುವಿನ ಅಪ್ಪ ಅಮ್ಮ, ಇಲ್ಲವೇ ಮತ್ತೆ ಮತ್ತೆ ಮನೆ ಬಾಗಿಲಿಗೆ ಬರುವ ಕಾರ್ಯಕರ್ತ. ಇನ್ನು ತೂಕದ ಪ್ರಶ್ನೆ. ತುಟಿಯ ಶಸ್ತ್ರಚಿಕಿತ್ಸೆಗೆ ವೈದ್ಯರು ಹಿಂದಿನಿಂದ ಪಾಲಿಸುವ ನಿಯಮ ಮೂರು ಹತ್ತುಗಳದ್ದು: ಹತ್ತು ವಾರದ ವಯಸ್ಸು, ಹತ್ತು ಪೌಂಡು ಅಂದರೆ ನಾಲ್ಕೂವರೆ ಕಿಲೋ ತೂಕ, ರಕ್ತದಲ್ಲಿ ಹತ್ತು ಗ್ರಾಂ ಹಿಮೋಗ್ಲೋಬಿನ್. ಹಾಲು ಚೀಪಲಾಗದ ಮಗು ಆ ತೂಕ ಮುಟ್ಟುವುದು ಹೇಗೆ? ಸೀಳು ಇರುವುದರಿಂದ ಮಗು ಬೆಳೆಯದು, ಬೆಳೆಯದಿರುವುದರಿಂದ ಸೀಳು ಮುಚ್ಚಲಾಗದು. ಈ ಸುಳಿಯಿಂದ ಮಗುವನ್ನು ಎತ್ತಬೇಕಾದವರು ಶಸ್ತ್ರವೈದ್ಯರಲ್ಲ. ಹುಟ್ಟಿದ ವಾರದಲ್ಲೇ ಮನೆಗೆ ಬಂದು ಹಾಲು ಕುಡಿಸುವುದನ್ನು ಕಲಿಸುವ ಹೆಣ್ಣುಮಗಳು.

ಜ್ವರ, ಭೇದಿ, ಅಪೌಷ್ಟಿಕತೆಯಿಂದ ಮಕ್ಕಳು ಸಾಯುವ ಜಿಲ್ಲೆಗಳಲ್ಲಿ ಮುಖದ ಚೆಂದಕ್ಕೆ ಇಷ್ಟು ದುಡ್ಡು, ಇಷ್ಟು ಶ್ರಮ ಏಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಹಾಲು ಕುಡಿಯುವುದು, ಕೇಳಿಸಿಕೊಳ್ಳುವುದು, ಮಾತಾಡುವುದು ಚೆಂದದ ಸಂಗತಿಗಳಲ್ಲ. ಸೊರಗಿ ಸತ್ತ ಸೀಳುತುಟಿ ಕೂಸುಗಳ ಸಾವೂ ಅಪೌಷ್ಟಿಕತೆಯ ಲೆಕ್ಕದಲ್ಲೇ ಕರಗಿಹೋಗಿರುತ್ತದೆ. ಖರ್ಚಿನ ಲೆಕ್ಕ ಹಾಕಿದರೂ ಇದು ದುಬಾರಿಯ ಬಾಬತ್ತಲ್ಲ. ಬಡ ದೇಶಗಳಿಗೆ ಯಾವ ಚಿಕಿತ್ಸೆ ಹೂಡಿದ ಹಣಕ್ಕೆ ತಕ್ಕ ಫಲ ಕೊಡುತ್ತದೆಂದು ಅಳೆದು, ವಿಶ್ವಬ್ಯಾಂಕ್ 2015ರಲ್ಲಿ ಪ್ರಕಟಿಸಿದ ಅಗತ್ಯ ಶಸ್ತ್ರಚಿಕಿತ್ಸೆಗಳ ಸಂಪುಟದ 44 ವಿಧಾನಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳದ ಜೋಡಣೆಯೂ ಸೇರಿದೆ. ಪಶ್ಚಿಮ ಬಂಗಾಳದಲ್ಲಿ ಅರ್ಥಶಾಸ್ತ್ರಜ್ಞರು ಸೀಳುತುಟಿಯೊಂದಿಗೆ ಹುಟ್ಟಿದ ಹದಿಹರೆಯದವರನ್ನು ಅವರ ಸ್ವಂತ ಅಣ್ಣತಮ್ಮ, ಅಕ್ಕತಂಗಿಯರೊಂದಿಗೇ ಹೋಲಿಸಿ ನೋಡಿದ್ದಾರೆ. ಮನೆ ಒಂದೇ, ಬಡತನ ಒಂದೇ ಆದ್ದರಿಂದ ಈ ಹೋಲಿಕೆಗೆ ತೂಕವಿದೆ. ಮಾತು, ಮನಸ್ಸಿನ ನೆಮ್ಮದಿ, ಜನರೊಡನೆ ಬೆರೆಯುವುದು ಇವುಗಳಲ್ಲಿ ಸೀಳು ಮಾಡಿದ ಹಾನಿ ಕಾಣುತ್ತದೆ. ಎಳವೆಯಲ್ಲೇ ಒಳ್ಳೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಅದರ ಬಹುಪಾಲು ತುಂಬಿಬಂದಿರುವುದೂ ಕಾಣುತ್ತದೆ. ಎಳವೆಯಲ್ಲಿ ಎಂಬ ಮಾತನ್ನು ಗಮನಿಸಬೇಕು. ಹನ್ನೆರಡನೆಯ ವಯಸ್ಸಿನಲ್ಲಿ ತುಟಿ ಕೂಡಿಸಿದರೆ ಮುಖ ಬದಲಾಗುತ್ತದೆ, ತಪ್ಪಿದ ಶಾಲೆ ಮರಳುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದು ಸರ್ಕಾರದ ಕೆಲಸ, ವಿದೇಶಿ ದಾನಿಗಳ ಕೃಪೆಯಲ್ಲಿ ನಡೆಯಬಾರದು ಎಂಬುದು. ನಾನು ಒಪ್ಪುತ್ತೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ ಇದೆ. 2018ರಿಂದ ಆಯುಷ್ಮಾನ್ ಭಾರತ ಕಾರ್ಡು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಆದರೆ ಕಾರ್ಡು ತುಂಬುವುದು ಆಸ್ಪತ್ರೆಯ ಬಿಲ್ಲನ್ನು. ಸೋನಭದ್ರದ ಗುಡ್ಡದಂಚಿನ ಮನೆಯಿಂದ ಮಗುವನ್ನು ಕರೆತರುವುದು, ಎರಡು ದಿನದ ಕೂಲಿ ತುಂಬಿಕೊಡುವುದು, ಆರು ತಿಂಗಳ ಬಳಿಕ ಅಂಗುಳದ ಆಪರೇಷನ್ನಿಗೆ ನೆನಪಿಸುವುದು ಅದರ ವ್ಯಾಪ್ತಿಯಲ್ಲಿಲ್ಲ. ದತ್ತಿ ಸಂಸ್ಥೆಗಳು ಕಟ್ಟಿಕೊಂಡ ಹಳ್ಳಿಮಟ್ಟದ ಜಾಲವನ್ನು ಸರ್ಕಾರ ತನ್ನದಾಗಿಸಿಕೊಳ್ಳುವ ಬದಲು ಬಿಲ್ಲು ಪಾವತಿಯನ್ನಷ್ಟೇ ಹಚ್ಚಿಕೊಂಡರೆ ಸೀಳುತುಟಿ ಮಕ್ಕಳು ಮತ್ತೆ ತಡವಾಗಿಯೇ ಬರುತ್ತಾರೆ. ಒಂದು ಮಾತು ದತ್ತಿ ಸಂಸ್ಥೆಯ ಪರವಾಗಿಯೂ ಹೇಳಬೇಕು. ಹೊರದೇಶದ ವೈದ್ಯರು ವಿಮಾನದಲ್ಲಿ ಬಂದು, ಒಂದು ವಾರ ಶಿಬಿರ ನಡೆಸಿ, ಹೊಲಿಗೆ ಬಿಚ್ಚುವ ಮೊದಲೇ ಹೊರಟುಹೋಗುವ ಪದ್ಧತಿಗೆ ಬದಲಾಗಿ, 1999ರಲ್ಲಿ ಹುಟ್ಟಿದ ಸ್ಮೈಲ್ ಟ್ರೈನ್ ಸ್ಥಳೀಯ ವೈದ್ಯರಿಗೇ ತರಬೇತಿ, ಹಣ ಕೊಡುವ ದಾರಿ ಹಿಡಿಯಿತು. ಕಾಶಿಯಲ್ಲಿ ಹೊಲಿಗೆ ಬಿಟ್ಟರೆ ಅದೇ ವೈದ್ಯರು ಅದೇ ಊರಲ್ಲಿ ಸಿಗುತ್ತಾರೆ. ಬಡವರಿಗೆ ಅದು ಸಣ್ಣ ಭರವಸೆಯಲ್ಲ.

ಈ ಮಾದರಿಯ ದುರ್ಬಲ ಜಾಗವನ್ನೂ ಮುಚ್ಚಿಡಬಾರದು. ಹಣ ಆಪರೇಷನ್ನುಗಳ ಎಣಿಕೆಯ ಮೇಲೆ ಹರಿದಾಗ ಎಣಿಸಲು ಸುಲಭವಾದದ್ದೇ ಮುಂದೆ ಬರುತ್ತದೆ. ತುಟಿಯ ಬದಲಾವಣೆ ಫೋಟೊದಲ್ಲಿ ಕಾಣುತ್ತದೆ. ಅಂಗುಳ ಬಾಯೊಳಗೆ ಅಡಗಿದೆ, ಅಲ್ಲಿ ಮಾಡಿದ ಕೆಲಸ ಚೆನ್ನಾಗಿದೆಯೇ ಎಂದು ತಿಳಿಯುವುದು ವರ್ಷಗಳಾಚೆ, ಮಗು ವಾಕ್ಯ ಕಟ್ಟಿ ಮಾತಾಡಿದಾಗ. ಅಂಗುಳವನ್ನು ಒಂದರಿಂದ ಒಂದೂವರೆ ವರ್ಷದೊಳಗೆ ಮುಚ್ಚಬೇಕು, ಆಮೇಲೆ ಮಾತಿನ ತರಬೇತಿ, ಎಂಟರಿಂದ ಹನ್ನೊಂದರ ನಡುವೆ ಒಸಡಿನ ಬಿರುಕಿಗೆ ಮೂಳೆ ತುಂಬಿಸುವುದು, ಹಲ್ಲಿಗೆ ತಂತಿ. ಹೀಗೆ ಹದಿನೈದು ಇಪ್ಪತ್ತು ವರ್ಷದ ಹಾದಿ ಇದು. ಮಾತಿನ ತರಬೇತಿಗಾಗಿ ಕೂಲಿಕಾರರು ವಾರವಾರ ಕಾಶಿಗೆ ಬರಲಾರರು. ಈ ವಿಷಯದಲ್ಲಿ ಕರ್ನಾಟಕದ ಸ್ಥಿತಿ ಕೊಂಚ ಮೇಲು. ಧಾರವಾಡದ ಸತ್ತೂರಿನ ಎಸ್‌ಡಿಎಂ, ಮಂಗಳೂರಿನ ದೇರಳಕಟ್ಟೆಯ ನಿಟ್ಟೆ ಮೀನಾಕ್ಷಿ ಸಂಸ್ಥೆಗಳಲ್ಲಿ ಶಸ್ತ್ರವೈದ್ಯರೊಂದಿಗೆ ದಂತವೈದ್ಯರೂ ಇರುವ ಕೇಂದ್ರಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೀಳುತುಟಿ, ಸೀಳು ಅಂಗುಳದವರಿಗೆಂದೇ ಘಟಕವಿದೆ. ಆದರೂ ಬೀದರಿನಿಂದ ಮೈಸೂರು ದೂರವೇ. ಆಪರೇಷನ್ನಿನ ಸಂಖ್ಯೆಯ ಜೊತೆಗೆ, ಐದನೆಯ ವಯಸ್ಸಿನಲ್ಲಿ ಎಷ್ಟು ಮಕ್ಕಳ ಮಾತು ಶಾಲೆಯ ಮೇಷ್ಟರಿಗೆ ತಿಳಿಯುತ್ತದೆ ಎಂಬುದನ್ನು ದಾನಿಗಳೂ ಸರ್ಕಾರಗಳೂ ಎಣಿಸಲು ತೊಡಗಿದರೆ ಹಣ ಹರಿಯುವ ದಿಕ್ಕೂ ತಿದ್ದೀತು.

ತುರ್ತಾಗಿ ಮಾಡಬಹುದಾದದ್ದಕ್ಕೆ ಹೆಚ್ಚು ಹಣವೂ ಬೇಡ. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿರುವ ಮಕ್ಕಳು ಹೊರನೋಟಕ್ಕೆ ಗೊತ್ತಾಗುವುದೇ ಇಲ್ಲ. ಮಗು ಹಾಲು ಹಿಡಿಯುತ್ತಿಲ್ಲ ಎಂದು ತಾಯಿ ತನ್ನ ಎದೆಹಾಲನ್ನೇ ದೂಷಿಸಿಕೊಳ್ಳುತ್ತಾಳೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯಲ್ಲಿ ನರ್ಸ್ ಪ್ರತಿ ಕೂಸಿನ ಬಾಯಿ ತೆರೆದು, ಟಾರ್ಚ್ ಬಿಟ್ಟು, ಅಂಗುಳವನ್ನು ಕಿರುನಾಲಿಗೆಯವರೆಗೆ ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. ಸೀಳು ಕಂಡರೆ ಅಂದೇ ಒಳಲೆಯಲ್ಲಿ ಹಾಲು ಕುಡಿಸುವುದನ್ನು ಕಲಿಸಬೇಕು. ಮನೆಗೆ ಹೋಗುವ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ತೂಕ ನೋಡಬೇಕು. ಜಿಲ್ಲಾ ಕೇಂದ್ರ ಆ ಕುಟುಂಬದ ಪ್ರಯಾಣದ ಖರ್ಚನ್ನೂ ತಪ್ಪಿದ ಕೂಲಿಯನ್ನೂ ಮುಂಗಡವಾಗಿ ಕೈಗಿಡಬೇಕು. ಆಗ ಮಿರ್ಜಾಪುರದ ಮಗು ಐದು ವರ್ಷಕ್ಕಲ್ಲ, ಮೂರನೆಯ ತಿಂಗಳಿಗೇ ನಾಲ್ಕೂವರೆ ಕಿಲೋ ತೂಗುತ್ತ ಕಾಶಿ ತಲುಪುತ್ತದೆ.