ತಲೆಯೊಳಗಿನ ಅಪ್ರಸ್ತುತ ಪ್ರಸಂಗಿ

ಎಂಟು ಸವಾಲುಗಳಿಗೆ ಒಬ್ಬರೇ ಒಟ್ಟಿಗೆ ಗಮನ ಕೊಡುವ ಅಷ್ಟಾವಧಾನ ನೋಡಿದವರಿಗೆ ಅಪ್ರಸ್ತುತ ಪ್ರಸಂಗಿ ಗೊತ್ತು. ನಿಷೇಧಾಕ್ಷರಿಯ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಬೇಡವೆಂದ ಅಕ್ಷರ ಬಿಟ್ಟು ಅವಧಾನಿ ತನ್ನ ಪದ್ಯಕ್ಕೆ ಇನ್ನೊಂದನ್ನು ಹುಡುಕುತ್ತಿರುವಾಗಲೇ ಈತ ಬಾಯಿ ಹಾಕುತ್ತಾನೆ: ‘ಸ್ವಾಮಿ, ಇವತ್ತು ನಿಮ್ಮನೇಲಿ ಏನು ತಿಂಡಿ?’ ಗಮನ ಕೆಡಿಸುವುದೇ ಅವನಿಗೆ ವಹಿಸಿದ ಕೆಲಸ. ಅಂಥವರು ನಮ್ಮ ತಲೆಯೊಳಗೂ ಇದ್ದಾರೆ, ಅದೂ ಇಬ್ಬರು.

ಮೊದಲನೆಯವನು ಹೊರಗಿನ ಸುದ್ದಿ ತರುವವನು. ಅಮೆರಿಕದ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೌರಿಜಿಯೊ ಕಾರ್ಬೆಟ್ಟಾ ಮತ್ತು ಗಾರ್ಡನ್ ಶುಲ್ಮನ್ 2002ರಲ್ಲಿ ಗಮನಕ್ಕೆ ಎರಡು ಜಾಲಗಳಿವೆ ಎಂದು ವಾದಿಸಿದರು. ನಾವಾಗಿಯೇ ಒಂದರ ಮೇಲೆ ಮನಸ್ಸಿಟ್ಟಾಗ ದುಡಿಯುವುದು ಮೇಲಿನ ಜಾಲ. ಕೆಳಗಿನದು, ಹೆಚ್ಚಾಗಿ ಬಲಮಗ್ಗುಲಿನದು, ಕಾವಲಿಗಿದೆ. ಕುಕ್ಕರ್ ಕೂಗಿದರೆ, ಯಾರೋ ಬಾಗಿಲು ತಟ್ಟಿದರೆ ಎಚ್ಚರಿಸುತ್ತದೆ. ಮೇಲಿನದು ಕೆಲಸದಲ್ಲಿ ಮುಳುಗಿದಾಗ ಕಾವಲುಗಾರನ ಸದ್ದಡಗುತ್ತದೆ.

ಎರಡನೆಯವನು ಇನ್ನೂ ಕಿಲಾಡಿ. ಹೊರಗೆ ಸದ್ದೇ ಇಲ್ಲ, ಕಣ್ಣು ಪುಸ್ತಕದ ಸಾಲಿನ ಮೇಲೇ ಇದೆ, ಮನಸ್ಸು ಮಾತ್ರ ಹಳೆಯ ಜಗಳವೊಂದಕ್ಕೆ ಈಗ ಉತ್ತರ ಹೊಸೆಯುತ್ತಿದೆ. ಇದರ ಹಿಂದಿರುವ ಜಾಲಕ್ಕೆ ‘ಡಿಫಾಲ್ಟ್ ಮೋಡ್’ ಎಂಬ ಹೆಸರು ಬಂದದ್ದು ಅದೇ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ತಂಡದ 2001ರ ಬರಹದಿಂದ. ಮೈತೂಕದಲ್ಲಿ ಶೇ 2ರಷ್ಟಿರುವ ಮಿದುಳು ಶೇ 20ರಷ್ಟು ಶಕ್ತಿ ನುಂಗುತ್ತದೆ. ಲೆಕ್ಕ ಬಿಡಿಸಲು ಕೂತರೆ ಆ ಖರ್ಚು ಏರುವುದು ಶೇ 5ಕ್ಕೂ ಕಡಿಮೆ. ‘ಸುಮ್ಮನೆ ಕೂತಿದ್ದೆ’ ಅನ್ನುವವರ ಮಿದುಳು ಸುಮ್ಮನಿರುವುದಿಲ್ಲ ಎಂದಾಯಿತು. ಏನೂ ಮಾಡದೆ ಎಂಆರ್‌ಐ ಯಂತ್ರದಲ್ಲಿ ಮಲಗಿದವರಲ್ಲೂ ಈ ಜಾಲ ಮತ್ತು ಗಮನದ ಮೇಲಿನ ಜಾಲ ಏತದ ಎರಡು ತುದಿಗಳಂತೆ ಏರಿಳಿಯುತ್ತಿದ್ದುದನ್ನು 2005ರಲ್ಲಿ ಮೈಕೆಲ್ ಫಾಕ್ಸ್ ಮತ್ತು ಜೊತೆಗಾರರು ತೋರಿಸಿದರು.

ಏತ ತುಳಿಯುವವರು ಯಾರು? ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ ತಂಡ 2008ರಲ್ಲಿ ಬೊಟ್ಟು ಮಾಡಿದ್ದು ಮಿದುಳಿನ ಮಡಿಕೆಯೊಳಗೆ ಹುದುಗಿರುವ ಬಲ ಇನ್ಸುಲಾದ ಮುಂಭಾಗವನ್ನು. ಒಂದು ಜಾಲ ತಗ್ಗಿ ಇನ್ನೊಂದು ಏಳುವ ಮೊದಲು ಅಲ್ಲಿ ಚಟುವಟಿಕೆ ಕಾಣುತ್ತದೆ. ಅವಧಾನಿಯ ಕಸುಬೂ ಇಂಥದ್ದೇ: ಪ್ರಸಂಗಿಯ ಬಾಯಿ ಮುಚ್ಚಿಸುವಂತಿಲ್ಲ, ನಗಿಸುವ ಉತ್ತರ ಕೊಟ್ಟು, ಹುಡುಕುತ್ತಿದ್ದ ಅಕ್ಷರಕ್ಕೇ ಮರಳಬೇಕು.

ಪ್ರಸಂಗಿಯನ್ನೇ ಹೊರಗಟ್ಟಿದರೆ? ಪಾರ್ಶ್ವವಾಯುವಿನಿಂದ ಬಲಮಗ್ಗುಲಿನ ಆ ಕಾವಲು ಜಾಲಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡಗಡೆಯ ಜಗತ್ತು ಇದ್ದೂ ಇಲ್ಲದಂತಾಗುತ್ತದೆ. ಕಣ್ಣಿನಲ್ಲಿ ದೋಷವಿರುವುದಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಬಲ ಅರ್ಧವನ್ನಷ್ಟೇ ಉಂಡು ಕೈ ತೊಳೆಯಲು ಏಳುತ್ತಾರೆ. ತಟ್ಟೆ ತಿರುಗಿಸಿಟ್ಟರೆ ಉಳಿದದ್ದನ್ನೂ ಉಣ್ಣುತ್ತಾರೆ.